ಸರಕು ಗಾಡಿಯ ಎಂಜಿನ್ನಿಗೆ ತಕ್ಕ ಪ್ಲಗ್ಗು



ಬೀಜ ಆರಿಸುವುದು ಹೇಗೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗೈಯಲ್ಲಿ ಹಿಡಿದು ತೂಕ ನೋಡುತ್ತೀರಿ, ಬಣ್ಣ ನೋಡುತ್ತೀರಿ, ಯಾವ ಹೊಲಕ್ಕೆ ಯಾವ ತಳಿ ಒಗ್ಗೀತು ಎಂದು ವಿಚಾರ ಮಾಡುತ್ತೀರಿ. ಕೆಂಪು ಮಣ್ಣಿಗೆ ಒಗ್ಗಿದ್ದನ್ನು ಕಣ್ಣುಮುಚ್ಚಿ ಎರೆಮಣ್ಣಿಗೆ ಬಿತ್ತುವವರು ನಮ್ಮಲ್ಲಿ ಕಡಿಮೆ. ಆದರೆ ಬೆಳೆದ ಮಾಲನ್ನು ಪೇಟೆಗೆ ಹೊರುವ ಗಾಡಿಯ ವಿಷಯ ಬಂದಾಗ ಅಷ್ಟು ವಿಚಾರ ಮಾಡುವವರೂ ಕಡಿಮೆಯೇ. ಅಂಗಡಿಯವನು ಕೊಟ್ಟದ್ದೇ ಪ್ಲಗ್ಗು, ಕೂತರೆ ಸರಿ, ಗಾಡಿ ಓಡಿದರೆ ಸರಿ. ಈ ಮಾತನ್ನೇ ಈ ಹೊತ್ತು ಸ್ವಲ್ಪ ಬಿಡಿಸಿ ಹೇಳೋಣ ಅಂತ ಬಂದಿದ್ದೇನೆ.

ಮೊದಲು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಕೇಳಿ. ನನ್ನ ಅಕ್ಕನ ಮಗ ಶ್ರೀನಿವಾಸಪುರದ ಕಡೆ ಬೇಸಾಯಗಾರ. ಎರಡು ಎಕರೆ ಟೊಮೇಟೊ, ನಾಲ್ಕಾರು ಮಾವಿನ ಗಿಡ, ಮನೆಯಲ್ಲಿ ಎರಡು ಸೀಮೆಹಸು. ಸಾಲ ಮಾಡಿ ಒಂದು ಚಿಕ್ಕ ಸರಕು ಗಾಡಿ ತೆಗೆದುಕೊಂಡಿದ್ದಾನೆ. ಪೆಟ್ರೋಲಿನಲ್ಲೂ ಗ್ಯಾಸಿನಲ್ಲೂ ಓಡುವಂಥಾದ್ದು, ನಾಲ್ಕು ಸಿಲಿಂಡರಿನ ಎಂಜಿನ್ನು. ತನ್ನ ಮಾಲನ್ನೂ ಅಕ್ಕಪಕ್ಕದವರ ಮಾಲನ್ನೂ ಕೋಲಾರದ ಮಾರುಕಟ್ಟೆಗೆ ಹೊರುತ್ತಾನೆ. ಬಾಡಿಗೆ ದುಡ್ಡಿನಲ್ಲಿ ಕಂತು ಕಟ್ಟುತ್ತಾನೆ. ಸಾಲದೆ ಬಂದ ತಿಂಗಳು ಅಕ್ಕ ಹಾಲಿನ ಬಟವಾಡೆಯಿಂದ ತುಂಬಿಕೊಡುತ್ತಾಳೆ.

ಒಂದು ದಿನ ಗಾಡಿ ಏರಿನಲ್ಲಿ ಎಳೆಯದೆ ಕುಂಟತೊಡಗಿತು. ನಿಂತಲ್ಲಿ ಎಂಜಿನ್ನು ನಡುಗುವುದು, ಒಮ್ಮೊಮ್ಮೆ ಸರಿಯಾಗುವುದು, ಮತ್ತೆ ಕುಂಟುವುದು. ಯಾರೋ "ಪ್ಲಗ್ಗು ಹೋಗಿದೆ" ಅಂದರು. ಇವನು ಪೇಟೆಗೆ ಹೋಗಿ ಒಂದು ಅಂಗಡಿಯಲ್ಲಿ ಕೇಳಿದ. ಅಂಗಡಿಯವನು ಬೇರೊಂದು ಕಂಪನಿಯ ಪ್ಲಗ್ಗು ತೋರಿಸಿ, "ಇದರ ನಂಬರು ದೊಡ್ಡದು, ಲೋಡು ಗಾಡಿಗೆ ಒಳ್ಳೆಯದು, ಬೆಲೆಯೂ ಕಡಿಮೆ" ಅಂದ. ನಾಲ್ಕು ಪ್ಲಗ್ಗಿಗೆ ಸೇರಿ 200 ರೂಪಾಯಿ ಉಳಿಯಿತು. ಮನೆಗೆ ಬಂದು ತಾನೇ ಹಾಕಿ, ಉದ್ದ ಹಿಡಿಯ ಸ್ಪ್ಯಾನರಿನಿಂದ ಬಲವಾಗಿ ಬಿಗಿದ. ಗಾಡಿ ಸರಿಯಾಯಿತು. ನನಗೆ ಫೋನು ಮಾಡಿ, "ಮಾವ, ನಾನೇ ರಿಪೇರಿ ಮಾಡಿದೆ" ಅಂತ ಹೆಮ್ಮೆಯಿಂದ ಹೇಳಿಯೂ ಹೇಳಿದ.

ಮೂರು ವಾರವಾಯಿತು. ನಲವತ್ತು ಬಾಕ್ಸು ಟೊಮೇಟೊ ಹೇರಿಕೊಂಡು ಬೆಳಗಿನ ಹರಾಜಿಗೆ ಹೊರಟಿದ್ದಾನೆ. ಏರಿನಲ್ಲಿ ಎಂಜಿನ್ನು ಕಟಕಟ ಎಂದು ಬಡಿದುಕೊಂಡಿತು, ಹಿಂದೆ ಹೊಗೆ ಬಂತು, ಗಾಡಿ ಅಲ್ಲೇ ನಿಂತಿತು. ಬೇರೆ ಗಾಡಿ ಹುಡುಕಿ ಮಾಲು ಸಾಗಿಸುವಷ್ಟರಲ್ಲಿ ಹರಾಜು ಮುಗಿದಿತ್ತು. ಎಂಜಿನ್ನಿನ ಹೆಡ್ಡು ಬಿಚ್ಚಿ ನೋಡಿದರೆ ಒಂದು ಪಿಸ್ಟನ್ನಿನ ತಲೆ ಕರಗಿ ಗುಂಡಿ ಬಿದ್ದಿದೆ. ಪ್ಲಗ್ಗು ಕೂರುವ ಒಂದು ತೂತಿನ ಥ್ರೆಡ್ಡೂ ಕಿತ್ತು ಬಂದಿದೆ. ಹನ್ನೊಂದು ದಿನ ಗಾಡಿ ನಿಂತಿತು. ಖರ್ಚು 30,000 ದಾಟಿತು. ಬಾಡಿಗೆ ನಿಂತಿತು, ಕಂತು ಮಾತ್ರ ನಿಲ್ಲಲಿಲ್ಲ.

ತಪ್ಪು ಎಲ್ಲಿ ನಡೆಯಿತು ಎನ್ನುವುದು ಮಾತಿನ ಕೊನೆಯ ಹೊತ್ತಿಗೆ ನಿಮಗೇ ಹೊಳೆಯುತ್ತದೆ. ನಾನು ಎಂಜಿನ್ನಿನ ಕೆಲಸದಲ್ಲಿ ಬಹಳ ವರ್ಷ ಕೈಗೆ ಮಸಿ ಹತ್ತಿಸಿಕೊಂಡವನು. ಹಾಗಿದ್ದೂ ಅವನು ಫೋನು ಮಾಡಿದಾಗ "ಯಾವ ನಂಬರಿನದು ಹಾಕಿದೆಯಪ್ಪಾ?" ಎಂದು ಒಂದು ಮಾತು ಕೇಳಲಿಲ್ಲವಲ್ಲ ಎಂಬ ಕೊರಗು ನನಗೂ ಉಂಟು.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಎಲ್ಲ ಗಾಡಿಗೂ ಸ್ಪಾರ್ಕ್ ಪ್ಲಗ್ಗು ಇರುವುದಿಲ್ಲ. ದೊಡ್ಡ ಲಾರಿ, ಟ್ರಾಕ್ಟರು, ಪವರ್ ಟಿಲ್ಲರು ಇವೆಲ್ಲ ನಮ್ಮಲ್ಲಿ ಸಾಮಾನ್ಯವಾಗಿ ಡೀಸೆಲ್ಲಿನವು. ಡೀಸೆಲ್ ಎಂಜಿನ್ನು ಗಾಳಿಯನ್ನು ಬಹಳವಾಗಿ ಒತ್ತಿ ಕಾಯಿಸುತ್ತದೆ, ಆ ಕಾವಿಗೇ ಎಣ್ಣೆ ಹತ್ತಿಕೊಳ್ಳುತ್ತದೆ. ಅದಕ್ಕೆ ಕಿಡಿ ಬೇಕಾಗಿಲ್ಲ. ಕೆಲವು ಡೀಸೆಲ್ ಗಾಡಿಗಳಲ್ಲಿ ಗ್ಲೋ ಪ್ಲಗ್ಗು ಎಂಬುದು ಇರುತ್ತದೆ. ಅದು ಚಳಿಯಲ್ಲಿ ಎಂಜಿನ್ನು ಹೊರಡಿಸಲು ಕಾಯುವ ಕಡ್ಡಿಯೇ ಹೊರತು ಕಿಡಿ ಕೊಡುವುದಲ್ಲ. ಪೆಟ್ರೋಲು ಮತ್ತು ಗ್ಯಾಸಿನ ಎಂಜಿನ್ನಿಗೆ ಮಾತ್ರ ಕಿಡಿ ಬೇಕು. ಹಿಂದೆ ನಮ್ಮ ಹಳ್ಳಿಗಳಲ್ಲಿ ಚಿಕ್ಕ ಸರಕು ಗಾಡಿ ಎಂದರೆ ಡೀಸೆಲ್ಲೇ ಹೆಚ್ಚು. 2005ರಲ್ಲಿ ಟಾಟಾ ಏಸ್ ಬಂದಾಗ ಅದರದು ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ನು. 2020ರ ಏಪ್ರಿಲ್ 1ರಿಂದ ಹೊಗೆಯ ಕಟ್ಟುನಿಟ್ಟಾದ ನಿಯಮ, ಅಂದರೆ ಭಾರತ್ ಸ್ಟೇಜ್ 6, ಜಾರಿಗೆ ಬಂದ ಮೇಲೆ ಪೆಟ್ರೋಲು ಮತ್ತು ಸಿಎನ್‌ಜಿ ಗ್ಯಾಸಿನ ಚಿಕ್ಕ ಗಾಡಿಗಳು ಹೆಚ್ಚಾಗಿ ಬಂದಿವೆ. ಆದ್ದರಿಂದ ಪ್ಲಗ್ಗಿನ ವಿದ್ಯೆ ಈಗ ಹಳ್ಳಿಗೂ ಬೇಕಾಗಿದೆ.

ಪ್ಲಗ್ಗು ಮಾಡುವ ಕೆಲಸ ಏನು? ಗಾಡಿಯ ಬ್ಯಾಟರಿಯಲ್ಲಿ ಇರುವುದು 12 ವೋಲ್ಟು. ಅದನ್ನು ಕಾಯಿಲು ಎಂಬ ಭಾಗ ಸಾವಿರಾರು ವೋಲ್ಟಿಗೆ, 20,000 ವೋಲ್ಟು ಮೀರುವಷ್ಟಕ್ಕೂ, ಏರಿಸುತ್ತದೆ. ಆ ವಿದ್ಯುತ್ತು ಪ್ಲಗ್ಗಿನ ನಡುವಿನ ಕಡ್ಡಿಯಿಂದ ಪಕ್ಕದ ಬಾಗಿದ ಕಡ್ಡಿಗೆ ಹಾರುವಾಗ ಕಿಡಿಯಾಗುತ್ತದೆ. ಆ ಕಿಡಿಗೆ ಪೆಟ್ರೋಲು ಗಾಳಿಯ ಮಿಶ್ರಣ ಹತ್ತಿಕೊಂಡು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಈ ಪದ್ಧತಿಗೆ ಒಳ್ಳೆಯ ನೆಲೆ ಸಿಕ್ಕಿದ್ದು 1902ರಲ್ಲಿ. ಜರ್ಮನಿಯ ರಾಬರ್ಟ್ ಬಾಷ್ ಅವರ ಕಾರ್ಖಾನೆಯ ಗಾಟ್ಲೋಬ್ ಹೊನೋಲ್ಡ್ ಎಂಬ ಎಂಜಿನಿಯರು ಹೆಚ್ಚು ವೋಲ್ಟಿನ ಮ್ಯಾಗ್ನೆಟೊವನ್ನೂ ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನೂ ಆ ವರ್ಷ ಸಿದ್ಧಮಾಡಿದರು. ನಮ್ಮ ಹಿರಿಯರು "ಮೈಕೊ ಪ್ಲಗ್ಗು" ಎನ್ನುತ್ತಿದ್ದರಲ್ಲ, ಅದೂ ಇದೇ ಸಂತತಿ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೊ ಕಂಪನಿಗೆ 2008ರಲ್ಲಿ ಬಾಷ್ ಎಂದೇ ಹೆಸರಾಯಿತು.

ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಸಲವಾದರೂ ಕಿಡಿ ಕೊಡಬೇಕು. ಉರಿಯ ನಡುವೆ, ಒತ್ತಡದ ನಡುವೆ, ಒಂದು ಸಲವೂ ತಪ್ಪದ ಹಾಗೆ. ಹೆಬ್ಬೆರಳಿನಷ್ಟು ಸಾಮಾನು. ಅದು ಮಾಡುವ ಚಾಕರಿ ಇಷ್ಟು.

ಈಗ ಆರಿಸುವ ಮಾತಿಗೆ ಬರೋಣ. ಮೊದಲನೆಯ ನಿಯಮ ಇದು: ಹಳೆಯ ಪ್ಲಗ್ಗಿನ ಮೂತಿ ನೋಡದೆ ಹೊಸ ಪ್ಲಗ್ಗು ಕೊಳ್ಳಬೇಡಿ. ವೈದ್ಯರು ನಾಲಿಗೆ ತೋರಿಸು ಎನ್ನುವುದಿಲ್ಲವೆ, ಹಾಗೆ ಎಂಜಿನ್ನಿನ ನಾಲಿಗೆ ಅದರ ಪ್ಲಗ್ಗು. ಬಿಚ್ಚಿದ ಪ್ಲಗ್ಗುಗಳನ್ನು ಒಂದು ಬಟ್ಟೆಯ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಬಂದ ಸಾಲಿನಲ್ಲೇ ಇಡಿ. ಬೆರಸಬೇಡಿ.

ನಡುವಿನ ಪಿಂಗಾಣಿಯ ತುದಿ ತೆಳುವಾದ ಕಂದು ಬಣ್ಣಕ್ಕೋ ಬೂದು ಬಣ್ಣಕ್ಕೋ ಇದ್ದರೆ, ಹುರಿದ ರಾಗಿ ಹಿಟ್ಟಿನ ಬಣ್ಣ ಅನ್ನಿ, ಎಂಜಿನ್ನು ಆರೋಗ್ಯವಾಗಿದೆ. ಒಣ ಮಸಿ ಹಿಡಿದು ಕಪ್ಪಾಗಿದ್ದರೆ ಪೆಟ್ರೋಲು ಪೂರ್ತಿ ಉರಿಯುತ್ತಿಲ್ಲ. ಕಿಡಿ ಬಲ ಕಡಿಮೆಯಾಗಿರಬಹುದು, ಪೆಟ್ರೋಲು ಹೆಚ್ಚು ಬರುತ್ತಿರಬಹುದು, ಅಥವಾ ಗಾಡಿ ಕಾಯುವ ಮೊದಲೇ ನಿಲ್ಲಿಸುವಂಥ ಸಣ್ಣ ಓಡಾಟವೇ ಹೆಚ್ಚಾಗಿರಬಹುದು. ಕಪ್ಪಾಗಿ ಜಿಡ್ಡು ಜಿಡ್ಡಾಗಿದ್ದರೆ ಎಂಜಿನ್ ಆಯಿಲು ಒಳಗೆ ಬರುತ್ತಿದೆ. ಪಿಸ್ಟನ್ನಿನ ರಿಂಗೋ ವಾಲ್ವಿನ ಸೀಲೋ ಸವೆದಿದೆ ಎಂದು ಅರ್ಥ. ಬೆಳ್ಳಗೆ ಸುಣ್ಣದ ಹಾಗಾಗಿ ಗುಳ್ಳೆ ಎದ್ದಿದ್ದರೆ ಮಿತಿಮೀರಿ ಕಾಯುತ್ತಿದೆ. ಪೆಟ್ರೋಲು ಸಾಲದೆ ಗಾಳಿ ಹೆಚ್ಚಾಗಿದೆ, ಅಥವಾ ನೀರು ತಿರುಗುತ್ತಿಲ್ಲ, ಅಥವಾ ಎಂಜಿನ್ನಿಗೆ ಒಪ್ಪದ ಬಿಸಿ ಜಾತಿಯ ಪ್ಲಗ್ಗು ಕೂತಿದೆ. ಪಿಂಗಾಣಿ ಬಿರುಕು ಬಿಟ್ಟಿದ್ದರೆ ಕೈಜಾರಿ ಬಿದ್ದದ್ದಿರಬೇಕು, ಇಲ್ಲವೆ ಎಂಜಿನ್ನು ಒಳಗೊಳಗೇ ಬಡಿದುಕೊಂಡಿರಬೇಕು. ಬಣ್ಣ ಸರಿಯಿದ್ದು ಕಡ್ಡಿಗಳು ದುಂಡಗೆ ಸವೆದು ಸಂದು ಅಗಲವಾಗಿದ್ದರೆ ಮಾತ್ರ, ಅದು ಆಯುಷ್ಯ ಮುಗಿದ ಪ್ಲಗ್ಗು. ಹೊಸದು ಹಾಕಿದರೆ ಸಾಕು.

ಇನ್ನೊಂದು ಗುಟ್ಟು. ನಾಲ್ಕೂ ಒಂದೇ ಬಣ್ಣವಿದ್ದರೆ ವಿಷಯ ಇಡೀ ಎಂಜಿನ್ನಿನದು. ಮೂರು ಚೆನ್ನಾಗಿದ್ದು ಒಂದು ಮಾತ್ರ ಕಪ್ಪಾಗಿದ್ದರೆ ತೊಂದರೆ ಆ ಒಂದು ಸಿಲಿಂಡರಿನದು. ಅದರ ಕಾಯಿಲು, ವೈರು, ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರು ಇವನ್ನು ನೋಡಬೇಕು. ನಾಲ್ಕು ಹೊಸ ಪ್ಲಗ್ಗು ಹಾಕಿದರೂ ಆ ರೋಗ ಹೋಗುವುದಿಲ್ಲ.

ಎರಡನೆಯ ನಿಯಮ: ಗಾಡಿಯ ಪುಸ್ತಕದಲ್ಲಿ ಬರೆದ ನಂಬರನ್ನೇ ಕೊಳ್ಳಬೇಕು. ಗಾಡಿ ಕೊಂಡಾಗ ಒಂದು ಪುಸ್ತಕ ಕೊಟ್ಟಿರುತ್ತಾರೆ. ನಾವು ಅದನ್ನು ಸೀಟಿನ ಕೆಳಗೆ ಹಾಕಿ ಮರೆತಿರುತ್ತೇವೆ. ಅದರಲ್ಲಿ ಪ್ಲಗ್ಗಿನ ನಂಬರು, ಸಂದಿನ ಅಳತೆ, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು, ಎಲ್ಲವೂ ಇರುತ್ತದೆ. ಹಳೆಯ ಪ್ಲಗ್ಗಿನ ಮೇಲೆ ಇದ್ದ ನಂಬರನ್ನು ನೋಡಿ ಕೊಂಡರಾಗದೆ ಎಂದು ಕೇಳಬಹುದು. ಹಿಂದೆ ಹಾಕಿದವನೇ ತಪ್ಪು ಹಾಕಿದ್ದರೆ? ಗಾಡಿ ಹಳೆಯದಾಗಿ ಎರಡನೆಯ ಕೈಗೆ ಬಂದಿದ್ದರಂತೂ ಪುಸ್ತಕವೇ ಸಾಕ್ಷಿ. ಪುಸ್ತಕ ಕಳೆದಿದ್ದರೆ ಗಾಡಿಯ ಡೀಲರಿನ ಬಳಿ ಮಾಡೆಲ್ಲು, ವರ್ಷ, ಎಂಜಿನ್ ನಂಬರು ಹೇಳಿ ಬರೆಸಿಕೊಳ್ಳಿ.

ಆ ನಂಬರಿನಲ್ಲಿ ಏನೇನು ಅಡಗಿದೆ ಎಂದು ತಿಳಿದರೆ ಏಕೆ ಇಷ್ಟು ಒತ್ತಿ ಹೇಳುತ್ತೇನೆ ಎಂಬುದು ಗೊತ್ತಾಗುತ್ತದೆ.

ಒಂದು, ಥ್ರೆಡ್ಡಿನ ದಪ್ಪ. ಬಹುಕಾಲದಿಂದ ಬಳಕೆಯಲ್ಲಿರುವುದು 14 ಮಿಲಿಮೀಟರು. ಹೊಸ ಎಂಜಿನ್ನುಗಳಲ್ಲಿ 12 ಮಿಲಿಮೀಟರಿನವೂ ಉಂಟು, ಬೈಕುಗಳಲ್ಲಿ 10 ಮಿಲಿಮೀಟರಿನವೂ ಉಂಟು. ಇದು ತಪ್ಪಿದರೆ ಪ್ಲಗ್ಗು ಕೂರುವುದೇ ಇಲ್ಲ, ಆದ್ದರಿಂದ ಇಲ್ಲಿ ಮೋಸವಾಗುವುದು ಕಡಿಮೆ.

ಎರಡು, ಥ್ರೆಡ್ಡಿನ ಉದ್ದ. ಇಲ್ಲಿ ಮೋಸವಾಗುತ್ತದೆ. ದಪ್ಪ ಒಂದೇ ಇದ್ದು ಉದ್ದ 12.7 ಮಿಲಿಮೀಟರಿನದೂ ಇದೆ, 19 ಮಿಲಿಮೀಟರಿನದೂ ಇದೆ, ಅದಕ್ಕಿಂತ ಉದ್ದದ್ದೂ ಇದೆ. ಗಿಡ್ಡ ಪ್ಲಗ್ಗು ಹಾಕಿದರೆ ಕಿಡಿ ತೂತಿನೊಳಗೇ ಅವಿತುಕೊಳ್ಳುತ್ತದೆ, ಖಾಲಿ ಉಳಿದ ಥ್ರೆಡ್ಡಿನಲ್ಲಿ ಮಸಿ ತುಂಬಿಕೊಳ್ಳುತ್ತದೆ. ಉದ್ದದ್ದು ಹಾಕಿದರೆ ಪಿಸ್ಟನ್ನಿಗೋ ವಾಲ್ವಿಗೋ ಬಡಿದು ಎಂಜಿನ್ನನ್ನೇ ಕೆಡಿಸಬಹುದು. ಕೂತಿತು ಎಂದ ಮಾತ್ರಕ್ಕೆ ಸರಿಯಾದದ್ದು ಎಂದು ತಿಳಿಯಬಾರದು.

ಮೂರು, ಕೂರುವ ಬಗೆ. ಕೆಲವು ಪ್ಲಗ್ಗುಗಳ ಬುಡ ಚಪ್ಪಟೆ, ಅವಕ್ಕೆ ವಾಷರು ಇರುತ್ತದೆ. ಕೆಲವುಗಳ ಬುಡ ಓರೆ, ಅವಕ್ಕೆ ವಾಷರು ಬೇಡ. ವಾಷರು ಇಲ್ಲವಲ್ಲಾ ಎಂದು ನೀವೇ ಒಂದನ್ನು ತೊಡಿಸಲು ಹೋಗಬೇಡಿ.

ನಾಲ್ಕು, ಕಾವಿನ ಅಂಕಿ. ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ಸ್ವಲ್ಪ ಗಮನವಿಟ್ಟು ಕೇಳಿ. ಪ್ಲಗ್ಗಿನ ತುದಿ ಹದವಾಗಿ ಕಾಯಬೇಕು. ಸುಮಾರು 450ರಿಂದ 500 ಡಿಗ್ರಿ ಸೆಂಟಿಗ್ರೇಡಿನ ಮೇಲೆ ಇದ್ದರೆ ತನ್ನ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಂಡು ಶುಚಿಯಾಗಿರುತ್ತದೆ. ಅದಕ್ಕಿಂತ ತಣ್ಣಗಿದ್ದರೆ ಮಸಿ ಕಟ್ಟುತ್ತದೆ. 800 ಡಿಗ್ರಿ ಮೀರಿ ಕಾದು ಕೆಂಪಾದರೆ ಅದೇ ಒಂದು ಕೆಂಡವಾಗುತ್ತದೆ. ಆಗ ಕಿಡಿಗೆ ಕಾಯದೆ, ಪಿಸ್ಟನ್ನು ಇನ್ನೂ ಮೇಲಕ್ಕೆ ಬರುತ್ತಿರುವಾಗಲೇ ಮಿಶ್ರಣ ಹತ್ತಿಕೊಳ್ಳುತ್ತದೆ. ಮೇಲೆ ಬರುವ ಪಿಸ್ಟನ್ನಿಗೆ ಎದುರಿನಿಂದ ಏಟು. ಅದರ ತಲೆ ಕರಗುವುದು ಹೀಗೆ.

ಈ ಹದವನ್ನು ಇಡಲು ಪ್ಲಗ್ಗುಗಳನ್ನು ಬಿಸಿ ಜಾತಿ, ತಂಪು ಜಾತಿ ಎಂದು ಮಾಡಿರುತ್ತಾರೆ. ಒಳಗಿನ ಪಿಂಗಾಣಿಯ ಮೂತಿ ಉದ್ದವಾಗಿದ್ದರೆ ಕಾವು ಇಳಿದುಹೋಗಲು ದೂರದ ದಾರಿ, ಅದು ಬಿಸಿ ಪ್ಲಗ್ಗು. ಮೂತಿ ಗಿಡ್ಡವಾಗಿದ್ದರೆ ಕಾವು ಬೇಗ ಹೆಡ್ಡಿಗೆ ಇಳಿಯುತ್ತದೆ, ಅದು ತಂಪು ಪ್ಲಗ್ಗು. ಉದ್ದ ಹಿಡಿಯ ಸೌಟಿಗೂ ಮೋಟು ಸೌಟಿಗೂ ಇರುವ ವ್ಯತ್ಯಾಸ ಅಡಿಗೆಮನೆಯಲ್ಲಿ ತಾಯಂದಿರಿಗೆ ಗೊತ್ತೇ ಇದೆ. ಯಾವ ಎಂಜಿನ್ನಿಗೆ ಯಾವುದು ಎಂದು ಮಾಡಿದವರು ಪರೀಕ್ಷೆ ಮಾಡಿ ಗೊತ್ತುಮಾಡಿರುತ್ತಾರೆ. ಅದನ್ನು ನಾವು ನೀವು ಊಹೆ ಮಾಡಿ ಬದಲಿಸತಕ್ಕದ್ದಲ್ಲ.

ಈಗ ಬಂತು ನೋಡಿ ನಮ್ಮ ಹುಡುಗ ಬಿದ್ದ ಹಳ್ಳ. ಈ ಕಾವಿನ ಅಂಕಿಯನ್ನು ಎಲ್ಲ ಕಂಪನಿಯವರೂ ಒಂದೇ ರೀತಿ ಬರೆಯುವುದಿಲ್ಲ. ಎನ್‌ಜಿಕೆ ಮತ್ತು ಡೆನ್ಸೊ ಪ್ಲಗ್ಗುಗಳಲ್ಲಿ ಅಂಕಿ ದೊಡ್ಡದಾದಷ್ಟೂ ತಂಪು. ಬಾಷ್ ಮತ್ತು ಚಾಂಪಿಯನ್ ಪ್ಲಗ್ಗುಗಳಲ್ಲಿ ಅಂಕಿ ದೊಡ್ಡದಾದಷ್ಟೂ ಬಿಸಿ. ಉದಾಹರಣೆಗೆ ಎನ್‌ಜಿಕೆಯ ಬಿಪಿಆರ್6ಇಎಸ್ ಎಂಬ ಪ್ಲಗ್ಗು. ಅದರಲ್ಲಿ ಬಿ ಎಂದರೆ 14 ಮಿಲಿಮೀಟರಿನ ಥ್ರೆಡ್ಡು, ಆರ್ ಎಂದರೆ ಒಳಗೆ ರೆಸಿಸ್ಟರು ಇದೆ, 6 ಎಂದರೆ ಕಾವಿನ ಅಂಕಿ, ಇ ಎಂದರೆ 19 ಮಿಲಿಮೀಟರಿನ ಉದ್ದ. ಬಾಷ್‌ನ ಡಬ್ಲ್ಯುಆರ್7ಡಿಸಿ ಎಂಬುದರಲ್ಲಿ 7 ಎನ್ನುವುದು ಕಾವಿನ ಅಂಕಿ. ಮೊದಲನೆಯದರಲ್ಲಿ 6 ಹೋಗಿ 7 ಆದರೆ ಒಂದು ಮೆಟ್ಟಿಲು ತಂಪಾಯಿತು. ಎರಡನೆಯದರಲ್ಲಿ 7 ಹೋಗಿ 8 ಆದರೆ ಒಂದು ಮೆಟ್ಟಿಲು ಬಿಸಿಯಾಯಿತು. ಹೀಗಿರುವಾಗ "ನಂಬರು ದೊಡ್ಡದು, ಲೋಡಿಗೆ ಒಳ್ಳೆಯದು" ಎಂಬ ಮಾತಿಗೆ ಅರ್ಥವೇ ಇಲ್ಲ. ಒಂದು ಊರಿನ ಸೇರನ್ನು ಇನ್ನೊಂದು ಊರಿನ ಸೇರಿನ ಲೆಕ್ಕದಲ್ಲಿ ಅಳೆದ ಹಾಗೆ ಆಯಿತು. ಬೇರೆ ಕಂಪನಿಯದು ಹಾಕಬಾರದು ಎಂದೇನಿಲ್ಲ. ಆದರೆ ಆ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಗಾಡಿಯ ಹೆಸರಿನ ಮುಂದೆ ಯಾವ ನಂಬರಿದೆಯೋ ಅದನ್ನೇ ಹಾಕಬೇಕು. ಅಂಕಿಗೆ ಅಂಕಿ ಹೋಲಿಸಿ ಹಾಕಬಾರದು.

ಐದು, ಸಂದು. ಎರಡು ಕಡ್ಡಿಗಳ ನಡುವಿನ ಜಾಗ ಸಾಮಾನ್ಯವಾಗಿ 0.7ರಿಂದ 1.1 ಮಿಲಿಮೀಟರಿನ ಒಳಗೆ ಇರುತ್ತದೆ. ಪುಸ್ತಕದಲ್ಲಿ ಹೇಳಿದಷ್ಟೇ ಇರಬೇಕು. ಸಂದು ಕಡಿಮೆಯಾದರೆ ಕಿಡಿ ಮೊಂಡಾಗುತ್ತದೆ, ಹೆಚ್ಚಾದರೆ ಹಾರದೆ ತಪ್ಪುತ್ತದೆ, ಕಾಯಿಲಿಗೂ ಆಯಾಸ. ಫೀಲರ್ ಗೇಜು ಎಂಬ ತೆಳ್ಳನೆಯ ತಗಡಿನ ಅಳತೆ ಸಿಗುತ್ತದೆ, ಅದರಿಂದ ನೋಡಿಕೊಳ್ಳಿ. ಹೊಸ ಪ್ಲಗ್ಗಿನಲ್ಲಿ ಸಂದು ಸರಿಯಾಗಿಯೇ ಇರುತ್ತದೆ, ಆದರೂ ದಾರಿಯಲ್ಲಿ ಬಿದ್ದು ಕಡ್ಡಿ ಒತ್ತಿಕೊಂಡಿರುವುದುಂಟು.

ಆರು, ರೆಸಿಸ್ಟರು. ಕಿಡಿ ಹಾರುವಾಗ ಸುತ್ತಮುತ್ತ ಒಂದು ಅಲೆ ಏಳುತ್ತದೆ. ಹಿಂದೆ ಮೋಟಾರು ಗಾಡಿ ಮನೆಯ ಮುಂದೆ ಹೋದರೆ ರೇಡಿಯೊ ಕರಕರ ಎನ್ನುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಅದನ್ನು ತಡೆಯುವುದಕ್ಕೆ ಪ್ಲಗ್ಗಿನೊಳಗೆ ರೆಸಿಸ್ಟರು ಇಟ್ಟಿರುತ್ತಾರೆ. ಈಗಿನ ಗಾಡಿಗಳಲ್ಲಿ ಎಂಜಿನ್ನನ್ನು ನಡೆಸುವುದೇ ಒಂದು ಸಣ್ಣ ಕಂಪ್ಯೂಟರು. ಆ ಅಲೆ ಅದನ್ನೂ ಕದಡಬಹುದು. ಪುಸ್ತಕ ರೆಸಿಸ್ಟರಿನ ಪ್ಲಗ್ಗು ಹೇಳಿದ್ದರೆ ಅದನ್ನೇ ಹಾಕತಕ್ಕದ್ದು.

ಇನ್ನು ಲೋಹದ ಮಾತು. ನಿಕ್ಕಲ್ ಕಡ್ಡಿಯ ಪ್ಲಗ್ಗು ಬೆಲೆಯಲ್ಲಿ ಅಗ್ಗ, ಬೇಗ ಸವೆಯುತ್ತದೆ. ಪ್ಲಾಟಿನಮ್ ಮತ್ತು ಇರಿಡಿಯಮ್ ಕಡ್ಡಿಯವು ದುಬಾರಿ, ಬಹುಕಾಲ ಬಾಳುತ್ತವೆ. ದುಬಾರಿಯದು ಹಾಕಿದರೆ ಗಾಡಿಗೆ ಎರಡು ಎತ್ತಿನ ಬಲ ಹೆಚ್ಚಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪುಸ್ತಕ ನಿಕ್ಕಲ್ ಹೇಳಿದ್ದರೆ ನಿಕ್ಕಲ್ ಸಾಕು. ಪುಸ್ತಕ ಇರಿಡಿಯಮ್ ಹೇಳಿದ್ದರೆ ಮಾತ್ರ ಉಳಿತಾಯಕ್ಕೆಂದು ನಿಕ್ಕಲ್ ಹಾಕಬಾರದು. ಆ ಎಂಜಿನ್ನಿನ ಕಾಯಿಲು, ಬದಲಿಸುವ ಕಿಲೋಮೀಟರಿನ ಲೆಕ್ಕ, ಎಲ್ಲ ಅದಕ್ಕೆ ಹೊಂದಿಸಿದ್ದು. ಇರಿಡಿಯಮ್ ಕಡ್ಡಿ ಸೂಜಿಯ ಹಾಗೆ ಸಣ್ಣದು. ತಂತಿ ಬ್ರಷ್ಷಿನಿಂದ ಉಜ್ಜಿದರೆ, ಗೇಜು ತೂರಿಸಿ ಮೀಟಿದರೆ ಮುರಿಯುತ್ತದೆ.

ಸಿಎನ್‌ಜಿ ಗಾಡಿ ಇದ್ದವರಿಗೆ ಒಂದು ಮಾತು. ಗ್ಯಾಸಿನ ಮಿಶ್ರಣದಲ್ಲಿ ಕಿಡಿ ಹಾರಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟು ಬೇಕು. ಸಂದು ಸ್ವಲ್ಪ ಅಗಲವಾದರೂ ಎಂಜಿನ್ನು ಕುಂಟುತ್ತದೆ. ಪೆಟ್ರೋಲಿನಲ್ಲಿ ಚೆನ್ನಾಗಿ ಓಡಿ ಗ್ಯಾಸಿನಲ್ಲಿ ಮಾತ್ರ ಎಳೆಯದೆ ಇದ್ದರೆ ಪ್ಲಗ್ಗನ್ನೂ ಕಾಯಿಲನ್ನೂ ಮೊದಲು ನೋಡಿಸಿ. ಗ್ಯಾಸಿನ ಗಾಡಿಗೆ ಪ್ಲಗ್ಗಿನ ನಂಬರು, ಬದಲಿಸುವ ಗಡುವು ಎರಡೂ ಬೇರೆ ಇರಬಹುದು, ಪುಸ್ತಕದ ಆ ಹಾಳೆಯನ್ನೇ ನೋಡಿ. ಸಿಲಿಂಡರಿನಲ್ಲಿ ಗ್ಯಾಸು ಸುಮಾರು 200 ಬಾರ್ ಒತ್ತಡದಲ್ಲಿ ಇರುತ್ತದೆ. ಅದರ ಪೈಪನ್ನೂ ವಾಲ್ವನ್ನೂ ಮಾತ್ರ ನೀವಾಗಿ ಮುಟ್ಟಬೇಡಿ, ಅದು ಕಲಿತವರ ಕೆಲಸ.

ಅಂಗಡಿಯಲ್ಲಿ ನಕಲಿ ಪ್ಲಗ್ಗೂ ಸಿಗುತ್ತದೆ. ಡಬ್ಬಿ ನೋಡಿ ಮರುಳಾಗಬೇಡಿ, ಪ್ಲಗ್ಗನ್ನೇ ಹೊರಗೆ ತೆಗೆದು ನೋಡಿ. ನಡುವಿನ ಕಡ್ಡಿ ಸರಿಯಾಗಿ ನಡುವೆ ಇದೆಯೆ? ಪಕ್ಕದ ಕಡ್ಡಿ ಅದರ ನೇರಕ್ಕೆ ಬಾಗಿದೆಯೆ? ಥ್ರೆಡ್ಡು ನುಣುಪಾಗಿದೆಯೆ, ವಾಷರು ಕಳಚಿ ಬೀಳುತ್ತದೆಯೆ? ಪಿಂಗಾಣಿಯ ಮೇಲಿನ ಅಕ್ಷರ ಉಗುರಿನಿಂದ ಕೆರೆದರೆ ಹೋಗುತ್ತದೆಯೆ? ಡಬ್ಬಿಯ ಮೇಲಿನ ನಂಬರೂ ಪ್ಲಗ್ಗಿನ ಮೇಲಿನ ನಂಬರೂ ಒಂದೇ ಇದೆಯೆ? ಬಿಲ್ಲು ಕೇಳಿ ಪಡೆಯಿರಿ. ಬಿಲ್ಲು ಕೊಡಲು ಹಿಂದೆಮುಂದೆ ನೋಡುವ ಅಂಗಡಿಯಲ್ಲಿ ಕೊಳ್ಳದಿರುವುದೇ ಮೇಲು. ನಾಲ್ಕೂ ಒಂದೇ ಸಲ, ಒಂದೇ ನಂಬರಿನವು ಕೊಳ್ಳಿ.

ಸರಿಯಾದ ಪ್ಲಗ್ಗು ತಂದ ಮೇಲೆ ಹಾಕುವುದೂ ಸರಿಯಾಗಿರಬೇಕು. ಎಂಜಿನ್ನು ಪೂರ್ತಿ ಆರಿರಲಿ. ಕಾದ ಅಲ್ಯೂಮಿನಿಯಮ್ ಹೆಡ್ಡಿನಿಂದ ಪ್ಲಗ್ಗು ಬಿಚ್ಚಲು ಹೋದರೆ ಥ್ರೆಡ್ಡು ಕಿತ್ತುಬರಬಹುದು. ಕಾಯಿಲಿನ ಕನೆಕ್ಟರನ್ನು ಕೊಕ್ಕೆ ಒತ್ತಿ ಬಿಡಿಸಿ, ವೈರು ಹಿಡಿದು ಜಗ್ಗಬೇಡಿ. ಪ್ಲಗ್ಗಿನ ಗುಳಿಯಲ್ಲಿರುವ ಧೂಳನ್ನು ಮೊದಲು ಗಾಳಿ ಊದಿ ತೆಗೆಯಿರಿ. ನಮ್ಮ ಮಣ್ಣು ರಸ್ತೆಯ ಮರಳು ಒಳಗೆ ಬಿದ್ದರೆ ಸಿಲಿಂಡರನ್ನು ಗೀರುತ್ತದೆ. ಹೊಸ ಪ್ಲಗ್ಗಿನ ತಲೆಗೆ ಒಂದು ಗೇಣು ಪೆಟ್ರೋಲು ಪೈಪಿನ ತುಂಡು ಸಿಕ್ಕಿಸಿ, ಆ ಪೈಪನ್ನು ಬೆರಳಿನಲ್ಲಿ ತಿರುಗಿಸುತ್ತ ಕೂರಿಸಿ. ಥ್ರೆಡ್ಡು ಓರೆಯಾಗಿ ಹಿಡಿದರೆ ಪೈಪು ತಾನೇ ಜಾರುತ್ತದೆ, ಹೆಡ್ಡು ಉಳಿಯುತ್ತದೆ. ಕೈಗೆ ಬಿಗಿಯಾದ ಮೇಲೆಯೇ ಸ್ಪ್ಯಾನರು ಹಾಕಬೇಕು. ವಾಷರು ಇರುವ 14 ಮಿಲಿಮೀಟರಿನ ಹೊಸ ಪ್ಲಗ್ಗಿಗೆ ಆಮೇಲೆ ಅರ್ಧ ಸುತ್ತಿನ ಆಸುಪಾಸು ಸಾಕು. ವಾಷರು ಇಲ್ಲದ ಓರೆ ಬುಡದ್ದಕ್ಕೆ ಒಂದು ಸುತ್ತಿನ ಹದಿನಾರನೆಯ ಒಂದು ಭಾಗ ಸಾಕು. ಎಷ್ಟು ತಿರುಗಿಸಬೇಕೆಂದು ಡಬ್ಬಿಯ ಮೇಲೆ ಚಿತ್ರವೇ ಇರುತ್ತದೆ. ಗಾಡಿಯ ಚಕ್ರದ ಬೋಲ್ಟಿನ ಹಾಗೆ ಮೈಭಾರ ಹಾಕಿ ಬಿಗಿಯಬಾರದು.

ಇನ್ನೊಂದು ಹಳೆಯ ಅಭ್ಯಾಸ ಬಿಡಬೇಕು. ಎಂಜಿನ್ನು ಓಡುತ್ತಿರುವಾಗ ಒಂದೊಂದೇ ಪ್ಲಗ್ಗಿನ ವೈರು ಕಿತ್ತು ಯಾವುದು ಕೆಟ್ಟಿದೆ ಎಂದು ನೋಡುತ್ತಿದ್ದೆವು. ಈಗಿನ ಗಾಡಿಯಲ್ಲಿ ಹಾಗೆ ಮಾಡಿದರೆ ಕೈಗೆ ಶಾಕು ಹೊಡೆಯುತ್ತದೆ, ಕಾಯಿಲೂ ಕೆಡಬಹುದು. ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ಅದರ ಬೆಲೆ ಪ್ಲಗ್ಗಿನ ಬೆಲೆಯಲ್ಲ. ಅದೇ ಕಾರಣಕ್ಕೆ ಗಾಡಿ ಕುಂಟುತ್ತಿರುವಾಗ, ಎಂಜಿನ್ ದೀಪ ಮಿಣುಕುತ್ತಿರುವಾಗ "ಹೇಗೋ ಪೇಟೆ ಮುಟ್ಟಿಸೋಣ" ಎಂದು ಲೋಡು ಹೇರಿ ಓಡಿಸಬಾರದು.

ಔಷಧ ಹೊಡೆಯುವ ಪೆಟ್ರೋಲು ಸ್ಪ್ರೇಯರು, ಕಳೆ ಕೊಚ್ಚುವ ಯಂತ್ರ, ಮನೆಯ ಬೈಕು, ಇವಕ್ಕೂ ಇದೇ ಮಾತು ಸಲ್ಲುತ್ತದೆ. ಒಂದರ ಪ್ಲಗ್ಗನ್ನು ಇನ್ನೊಂದಕ್ಕೆ ಕೂತಿತು ಎಂದು ಹಾಕಬೇಡಿ.

ಮನೆಯ ಲೆಕ್ಕದ ಪುಸ್ತಕದಲ್ಲಿ ಒಂದು ಹಾಳೆಯನ್ನು ಗಾಡಿಗೆಂದು ಇಡಿ. ಪ್ಲಗ್ಗಿನ ನಂಬರು, ಹಾಕಿದ ತಾರೀಕು, ಆಗ ಗಾಡಿ ಓಡಿದ್ದ ಕಿಲೋಮೀಟರು, ಬಿಚ್ಚಿದ ಪ್ಲಗ್ಗಿನ ಬಣ್ಣ, ಇಷ್ಟು ಬರೆದಿಟ್ಟರೆ ಮುಂದಿನ ಸಲ ಅಂಗಡಿಯವನ ಮಾತಿಗೆ ತಲೆಯಾಡಿಸಬೇಕಾಗಿಲ್ಲ.

ಕೊನೆಗೆ ನಮ್ಮ ಹುಡುಗನ ಮಾತು. ಗಾಡಿ ಗ್ಯಾರೇಜಿನಲ್ಲಿದ್ದಾಗ ನಾನು ಅಕ್ಕನ ಮನೆಗೆ ಹೋಗಿದ್ದೆ.

"ಹಳೆಯ ಪ್ಲಗ್ಗು ಎಲ್ಲೋ?" ಅಂದೆ.

"ಬಿಸಾಡಿಲ್ಲ ಮಾವ, ಕೊಟ್ಟಿಗೆ ಗೂಡಿನಲ್ಲಿವೆ" ಅಂದ.

ತಂದು ತೋರಿಸಿದ. ಮೂರು ಚೊಕ್ಕವಾದ ಕಂದು ಬಣ್ಣ, ಒಂದು ಕರಿ. ಕಡ್ಡಿಗಳು ಸವೆದೂ ಇರಲಿಲ್ಲ. ಗ್ಯಾರೇಜಿಗೆ ಹೋಗಿ ಕಾಯಿಲುಗಳ ವೈರನ್ನು ಒಂದೊಂದಾಗಿ ಸವರಿ ನೋಡಿದೆವು. ಒಂದು ವೈರನ್ನು ಇಲಿ ಕಡಿದಿತ್ತು. ಹುಲ್ಲಿನ ಮೆದೆಯ ಪಕ್ಕದಲ್ಲೇ ಗಾಡಿ ನಿಲ್ಲಿಸುತ್ತಿದ್ದ. ಎಂಜಿನ್ನಿನ ಬೆಚ್ಚಗಿಗೆ ಇಲಿ ಸೇರಿಕೊಂಡಿದೆ. ವೈರು ಪೂರ್ತಿ ತುಂಡಾಗದೆ ಎರಡು ಎಳೆಯಲ್ಲಿ ಹಿಡಿದುಕೊಂಡಿತ್ತು. ಪ್ಲಗ್ಗು ಹಾಕುವಾಗ ಕೈತಾಗಿ ಅದು ಮತ್ತೆ ಕೂಡಿಕೊಂಡಿದೆ. ಗಾಡಿ ಸರಿಯಾಯಿತು, ಹೆಸರು ಮಾತ್ರ ಹೊಸ ಪ್ಲಗ್ಗಿಗೆ ಬಂತು. ವೈರಿನ ರಿಪೇರಿ ಒಂದು ಗಳಿಗೆಯ ಕೆಲಸ. ಬೇಡದಿದ್ದ ಪ್ಲಗ್ಗು, ಅದೂ ಬಿಸಿ ಜಾತಿಯದು, ಅದಕ್ಕೆ ಮೈಬಲದ ಬಿಗಿ. ಮೂರೂ ಸೇರಿ ಪಿಸ್ಟನ್ನನ್ನೂ ಥ್ರೆಡ್ಡನ್ನೂ ತಿಂದವು.

ಅಕ್ಕ ಪಕ್ಕದಲ್ಲೇ ನಿಂತು ಎಲ್ಲ ಕೇಳಿದಳು. "ಹಸುವಿಗೆ ಮೇವು ಬಿಟ್ಟರೆ ಮೊದಲು ಬಾಯಿ ತೆಗೆಸಿ ನೋಡ್ತೀವಿ ಕಣೋ, ಆಮೇಲೆ ಔಷಧಿ. ಇದಕ್ಕೂ ಹಾಗೇ ನೋಡಬೇಕಿತ್ತು" ಅಂದಳು. ಇಷ್ಟು ಹೊತ್ತು ನಾನು ಹೇಳಿದ್ದು ಅದೇ ಮಾತು.

ಈಗ ಗಾಡಿ ಮೆದೆಯಿಂದ ದೂರ ನಿಲ್ಲುತ್ತದೆ. ಪುಸ್ತಕದ ನಂಬರಿನ ಪ್ಲಗ್ಗು ಒಳಗಿದೆ. ಹಳೆಯ ನಾಲ್ಕನ್ನೂ ಅವನು ಹಾಗೇ ಇಟ್ಟುಕೊಂಡಿದ್ದಾನೆ. ಯಾರಾದರೂ "ಪ್ಲಗ್ಗು ಹೋಗಿದೆ" ಎಂದು ಬಂದರೆ ಅವನ್ನು ತೋರಿಸಿ, "ಮೊದಲು ನಿಮ್ಮದರ ಬಣ್ಣ ನೋಡಿ ಬನ್ನಿ ಅಣ್ಣ" ಅನ್ನುತ್ತಾನೆ.

ರೈತ ಬಾಂಧವರೆ, ಎರಡು ಮಾತು ನೆನಪಿನಲ್ಲಿರಲಿ. ಹಳೆಯದರ ಮೂತಿ ನೋಡಿ, ಪುಸ್ತಕದ ನಂಬರು ನೋಡಿ. ಆಮೇಲೆ ಅಂಗಡಿಗೆ ಹೋಗಿ. ನಿಮ್ಮ ಮಾಲು ಹರಾಜಿನ ಹೊತ್ತಿಗೆ ಸರಿಯಾಗಿ ಪೇಟೆ ಮುಟ್ಟಲಿ.